ಎರಡು ಕಣ್ಣು, ಒಂದೇ ನೋಟ: ಮಿದುಳು ಇದನ್ನ ಹೇಗೆ ಮಾಡುತ್ತೆ?

ಇವತ್ತು ಕೇಳ್ತಾ ಕೇಳ್ತಾ ಒಂದು ಸಣ್ಣ ಪ್ರಯೋಗ ಮಾಡೋಣ. ಗಾಡಿ ಓಡಿಸ್ತಾ ಇರೋರಿಗೆ ಬೇಡ, ಮನೆಗೆ ಹೋಗಿ ಮಾಡಿ! ಹೆಬ್ಬೆರಳನ್ನ ಮುಖದ ಮುಂದೆ ಹಿಡೀರಿ. ಒಮ್ಮೆ ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು. ಬೆರಳು ಆಚೀಚೆ ಜಿಗಿಯಿತು ಅಲ್ವಾ?

ನಮ್ಮ ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಎರಡಕ್ಕೂ ಕಾಣೋ ಚಿತ್ರ ಸ್ವಲ್ಪ ಬೇರೆ. ಆದ್ರೂ ನಮಗೆ ಕಾಣೋದು ಒಂದೇ ಜಗತ್ತು. ಈ ಜೋಡಣೆ ನಡೆಯೋದು ಕಣ್ಣಿನಲ್ಲಲ್ಲ, ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಕಾರ್ಟೆಕ್ಸ್‌ನಲ್ಲಿ.

ಪ್ರತಿ ಕಣ್ಣಿನಿಂದ ಹೊರಟ ನರತಂತುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದಾರಿಯಲ್ಲೇ ಇನ್ನೊಂದು ಬದಿಗೆ ದಾಟುತ್ತವೆ. ಹೀಗಾಗಿ ನಮ್ಮ ಎಡಗಡೆ ಇರೋದನ್ನ ಎರಡೂ ಕಣ್ಣು ನೋಡಿದ್ರೂ ಸುದ್ದಿ ತಲುಪೋದು ಬಲ ಮಿದುಳಿಗೆ. ನಡುವೆ ಥಾಲಮಸ್ ಅನ್ನೋ ನಿಲ್ದಾಣ ಇದೆ. ಅಲ್ಲೂ ಎರಡು ಕಣ್ಣಿನ ಸಂಕೇತಗಳು ಬೇರೆ ಬೇರೆ ಪದರಗಳಲ್ಲೇ ಇರುತ್ತವೆ. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವ ನರಕೋಶಗಳು ಇರೋದು ಕಾರ್ಟೆಕ್ಸ್‌ನಲ್ಲಿ. ಚಿತ್ರಗಳ ನಡುವಿನ ಆ ಸಣ್ಣ ವ್ಯತ್ಯಾಸದಿಂದಲೇ ಮಿದುಳು ಯಾವುದು ಹತ್ತಿರ, ಯಾವುದು ದೂರ ಅಂತ ಲೆಕ್ಕ ಹಾಕುತ್ತೆ. ಸೂಜಿಗೆ ದಾರ ಪೋಣಿಸೋವಾಗ ಕೆಲಸಕ್ಕೆ ಬರೋದು ಇದೇ ಲೆಕ್ಕ.

ಆದರೆ ಈ ಜೋಡಣೆ ಗಟ್ಟಿಯಾಗೋದು ಬಾಲ್ಯದಲ್ಲಿ, ಬಳಕೆಯಿಂದ. 1960ರ ದಶಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲಕಾಲ ಮುಚ್ಚಿಟ್ಟರು. ಮತ್ತೆ ತೆರೆದಾಗ ಕಾರ್ಟೆಕ್ಸ್‌ನ ಬಹುತೇಕ ಕೋಶಗಳು ಆ ಕಣ್ಣಿಗೆ ಸ್ಪಂದಿಸಲೇ ಇಲ್ಲ. ಅದರ ಜಾಗವನ್ನ ಇನ್ನೊಂದು ಕಣ್ಣು ಆಕ್ರಮಿಸಿತ್ತು. ಬೆಳೆದ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇದು ನನ್ನ ಕಥೆಯೂ ಹೌದು. ಡ್ರೈವಿಂಗ್ ಲೈಸೆನ್ಸ್‌ಗೆ ಅಂತ ಕಣ್ಣು ತೋರಿಸಿದಾಗ, ಡಾಕ್ಟರು ನನ್ನ ಬಲಗಣ್ಣು ಮುಚ್ಚಿ ಓದಿ ಅಂದ್ರು. ದೊಡ್ಡ ಅಕ್ಷರವೂ ಮಸುಕು. ಅದಕ್ಕೆ ಸೋಮಾರಿ ಕಣ್ಣು ಅಂತಾರೆ. ಚಿಕ್ಕಂದಿನಲ್ಲಿ ಎಡಗಣ್ಣಿನ ಚಿತ್ರ ಮಂಜಾಗಿತ್ತು, ಮಿದುಳು ಅದನ್ನ ಪಕ್ಕಕ್ಕಿಟ್ಟಿತ್ತು. ಒಳ್ಳೆ ಕಣ್ಣು ಎಲ್ಲಾ ನಿಭಾಯಿಸ್ತಿದ್ದರಿಂದ ಮನೇಲಿ ಯಾರಿಗೂ ಗೊತ್ತಾಗಲಿಲ್ಲ, ನನಗೂ ಕೂಡ.

ಚಿಕ್ಕ ವಯಸ್ಸಲ್ಲಿ ಗೊತ್ತಾದ್ರೆ ಕನ್ನಡಕ ಕೊಟ್ಟು, ಒಳ್ಳೆ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣಿಗೆ ಕೆಲಸ ಕೊಡ್ತಾರೆ. ತಡವಾದಷ್ಟೂ ಫಲ ಕಡಿಮೆ. ಹಾಗಾಗಿ ನಿಮ್ಮ ಮನೆಯಲ್ಲಿ ಪುಟ್ಟ ತಮ್ಮ, ತಂಗಿ, ಅಕ್ಕನ ಮಗು ಇದ್ರೆ, ಶಾಲೆಗೆ ಸೇರಿಸೋ ಮುಂಚೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಒಂದೊಂದು ಕಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.