ಶಾಲಾಗಣಿತದಲ್ಲಿ ನಿಬಂಧನೆಯ ಸ್ಥಾನ: ಕ್ಷೇತ್ರಫಲ ಹಾಗೂ ಬಡ್ಡಿಯ ಎರಡು ನಿದರ್ಶನಗಳು

ಕ್ಷೇತ್ರಫಲ ಮತ್ತು ಬಡ್ಡಿಯ ಲೆಕ್ಕಗಳು ಶಾಲಾಗಣಿತದಲ್ಲಿ ಸುಲಭವಾದವುಗಳೆಂದು ಪರಿಗಣಿತವಾಗಿವೆ. ಸೂತ್ರವನ್ನು ನೆನಪಿನಲ್ಲಿಟ್ಟು ಅಂಕಿಗಳನ್ನು ತುಂಬಿದರೆ ಉತ್ತರ ದೊರೆಯುತ್ತದೆ. ಆದರೆ ಪ್ರತಿಯೊಂದು ಸೂತ್ರಕ್ಕೂ ಒಂದು ನಿಬಂಧನೆಯುಂಟು. ಅದನ್ನು ಮರೆತರೆ ಉತ್ತರ ಮಾತ್ರ ಉಳಿದು ಸತ್ಯ ತಪ್ಪಿಹೋಗುತ್ತದೆ. ಇದನ್ನು ಎರಡು ನಿದರ್ಶನಗಳಿಂದ ಸ್ಪಷ್ಟಪಡಿಸುವುದೇ ಈ ಲೇಖನದ ಉದ್ದೇಶ.

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂತಹ ಒಕ್ಕಲುತನದ ಊರಿನಲ್ಲಿ ಹೊಲಗಳೆಲ್ಲವೂ ಆಯತಾಕಾರವಾಗಿರುವುದಿಲ್ಲ. ಅಲ್ಲಿನ ಒಂದು ಹೊಲದ ನಾಲ್ಕು ಬಾಹುಗಳೂ ತಲಾ ೫೦ ಮೀಟರ್ ಇವೆಯೆಂದು ಭಾವಿಸೋಣ. ಅದರ ಕ್ಷೇತ್ರಫಲವೆಷ್ಟು?

ಈ ಪ್ರಶ್ನೆ ಈ ಭಾಗಕ್ಕೆ ಹೊಸದಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಚತುರ್ಭುಜಕ್ಕೆ ಎರಡು ವಿಧದ ಫಲಗಳಿವೆ. ಎದುರುಬದುರಾದ ಬಾಹುಗಳ ಮೊತ್ತಗಳ ಅರ್ಧಗಳನ್ನು ಗುಣಿಸಿದರೆ ಸ್ಥೂಲಫಲ. ನಾಲ್ಕು ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದು ಬಾಹುವನ್ನೂ ಕಳೆದು, ನಾಲ್ಕು ಶೇಷಗಳ ಗುಣಲಬ್ಧದ ವರ್ಗಮೂಲವನ್ನು ತೆಗೆದರೆ ಸೂಕ್ಷ್ಮಫಲ. ಈ ಎರಡನೆಯ ಸೂತ್ರವು ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿದ್ದಾಗ ಮಾತ್ರ ಸರಿ. ಆದರೆ ಆ ನಿಬಂಧನೆಯನ್ನು ಅಲ್ಲಿ ಹೇಳಿಲ್ಲ.

ನಮ್ಮ ಹೊಲಕ್ಕೆ ಎರಡು ಸೂತ್ರಗಳೂ ೨೫೦೦ ಚದರ ಮೀಟರ್ ಎನ್ನುತ್ತವೆ. ಹೊಲವು ಚೌಕವಾಗಿದ್ದರೆ ಅದು ನಿಜ. ವಜ್ರಾಕೃತಿಯಾಗಿದ್ದು ಕರ್ಣಗಳು ೬೦ ಮತ್ತು ೮೦ ಮೀಟರ್ ಆಗಿದ್ದರೆ ನಿಜವಾದ ಫಲ ೨೪೦೦. ಕರ್ಣಗಳು ೨೮ ಮತ್ತು ೯೬ ಆಗಿದ್ದರೆ ಬಾಹುಗಳು ಆಗಲೂ ೫೦ ಮೀಟರೇ. ಫಲ ಮಾತ್ರ ೧೩೪೪. ಮೊದಲನೆಯದಕ್ಕೂ ಇದಕ್ಕೂ ಇರುವ ಅಂತರ ಹನ್ನೊಂದು ಗುಂಟೆಗೂ ಹೆಚ್ಚು. ಇನ್ನೊಂದು ಸಂಗತಿಯನ್ನೂ ಲಕ್ಷಿಸಬೇಕು: ಈ ಎರಡು ಸೂತ್ರಗಳು ನಿಜವಾದ ಫಲಕ್ಕಿಂತ ಎಂದೂ ಕಡಿಮೆ ಹೇಳುವುದಿಲ್ಲ. ಆದುದರಿಂದ ತಪ್ಪು ಸಂಭವಿಸಿದಾಗಲೆಲ್ಲ ನಷ್ಟ ಕೊಳ್ಳುವವನದೇ. ಒಂದು ಕರ್ಣವನ್ನು ಅಳೆದು, ಹೊಲವನ್ನು ಎರಡು ತ್ರಿಭುಜಗಳಾಗಿ ವಿಭಜಿಸಿದರೆ ಸಂಶಯ ಪರಿಹಾರವಾಗುತ್ತದೆ.

ಬಡ್ಡಿಯಲ್ಲಿಯೂ ಸ್ಥಿತಿ ಇದೇ. ೧೦,೦೦೦ ರೂಪಾಯಿ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ, ಗಡುವು ಒಂದು ವರ್ಷ. ಸರಳಬಡ್ಡಿಯಾದರೆ ೨,೪೦೦ ರೂಪಾಯಿ. ಪ್ರತಿ ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸುವ ಚಕ್ರಬಡ್ಡಿಯಾದರೆ ಸುಮಾರು ೨,೬೮೨ ರೂಪಾಯಿ. ವರ್ಷದ ಬಡ್ಡಿ ೨,೪೦೦ ರೂಪಾಯಿಯನ್ನು ಮೊದಲೇ ಮುರಿದುಕೊಂಡರೆ ಸಾಲಗಾರನ ಕೈಗೆ ಬರುವುದು ೭,೬೦೦. ವರ್ಷಾಂತ್ಯಕ್ಕೆ ತೀರಿಸಬೇಕಾದುದು ೧೦,೦೦೦. ಬಡ್ಡಿಯ ಮೊತ್ತ ಸರಳಬಡ್ಡಿಯಷ್ಟೇ ಆದರೂ, ಕೈಗೆ ಬಂದ ಹಣಕ್ಕೆ ಹೋಲಿಸಿದಾಗ ದರವು ವರ್ಷಕ್ಕೆ ನೂರಕ್ಕೆ ೨೪ರ ಬದಲು ಸುಮಾರು ೩೧.೬ ಆಗುತ್ತದೆ. ಬಾಯಿಮಾತಿನ ದರ ಮೂರರಲ್ಲಿಯೂ ಒಂದೇ.

ಆದುದರಿಂದ ಅಧ್ಯಾಪಕರು ಸೂತ್ರವನ್ನು ಬರೆಯಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳುವುದು ಉಚಿತ: ಕೊಟ್ಟ ಅಂಕಿಗಳು ಉತ್ತರವನ್ನು ನಿರ್ಣಯಿಸಲು ಸಾಕೇ? ಸಾಲದಿದ್ದರೆ ಇನ್ನೇನನ್ನು ಅಳೆಯಬೇಕು, ಏನನ್ನು ವಿಚಾರಿಸಬೇಕು? ಶಾಲೆಯ ಅಂಗಳದಲ್ಲಿ ಹಗ್ಗವನ್ನು ಹಿಡಿದು ಕರ್ಣವನ್ನು ಅಳೆದ ವಿದ್ಯಾರ್ಥಿಯು ಮುಂದೆ ಹೊಲದ ಖರೀದಿಯಲ್ಲಿಯೂ ಸಾಲದ ಪತ್ರದಲ್ಲಿಯೂ ಈ ಪ್ರಶ್ನೆಗಳನ್ನು ತಾನಾಗಿಯೇ ಕೇಳಬಲ್ಲನು.