ಮಾಲ್ಡೀವ್ಸ್ ರೆಸಾರ್ಟ್: ಸಿಹಿನೀರು ಎಲ್ಲಿಂದ?

ಸುತ್ತ ಉಪ್ಪುನೀರು.
ನದಿ ಇಲ್ಲ, ಬೆಟ್ಟ ಇಲ್ಲ.
ಹಾಗಾದ್ರೆ ಮಾಲ್ಡೀವ್ಸ್ ರೆಸಾರ್ಟಿನ ಶವರ್‌ಗೆ
ಸಿಹಿನೀರು ಬರೋದು ಎಲ್ಲಿಂದ?

ಅದೇ ಸಮುದ್ರದಿಂದ!

ಅತಿಥಿಗಳ ಕಣ್ಣಿಗೆ ಬೀಳದ ಹಾಗೆ
ಗಿಡಮರಗಳ ಹಿಂದೆ ಒಂದು ಘಟಕ ಇರುತ್ತೆ.
ಅಲ್ಲಿ ಸಮುದ್ರದ ನೀರನ್ನ
ಭಾರೀ ಒತ್ತಡದಲ್ಲಿ ಸೂಕ್ಷ್ಮ ಪೊರೆಯೊಳಗೆ ನುಗ್ಗಿಸ್ತಾರೆ.
ನೀರು ಆಚೆ ಹೋಗುತ್ತೆ,
ಉಪ್ಪು ಈಚೆ ಉಳಿಯುತ್ತೆ.

ಅದಕ್ಕೆ ಕರೆಂಟ್ ಬೇಕು.
ಕರೆಂಟಿಗೆ ಹೆಚ್ಚಾಗಿ ಡೀಸೆಲ್ ಜನರೇಟರ್.
ಡೀಸೆಲ್ ಬರೋದು ದೋಣಿಯಲ್ಲಿ.

1972ರಲ್ಲಿ ಕುರುಂಬಾ ಅನ್ನೋ ಮೊದಲ ರೆಸಾರ್ಟ್ ಶುರುವಾಯ್ತು.
ಆಮೇಲೆ ಬೆಳೆದಿದ್ದು ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಅನ್ನೋ ಪದ್ಧತಿ.
ಅಂದ್ರೆ ಪ್ರತಿ ರೆಸಾರ್ಟೂ
ನಡುಗಡಲಲ್ಲಿ ಲಂಗರು ಹಾಕಿ ನಿಂತ ಹಡಗಿನ ಹಾಗೆ.
ಅಕ್ಕಿ, ಹಾಲು, ಈರುಳ್ಳಿ,
ಎಲ್ಲ ಹೊರಗಿಂದ ಹೊತ್ತು ತರಬೇಕು.
ಮೀನು ಮಾತ್ರ ಧಾರಾಳ.
ಬಿಲ್ ದೊಡ್ಡದಾಗೋಕೆ ಇದೂ ಒಂದು ಕಾರಣ.

ಇನ್ನು ಆ ಬೆಳ್ಳನೆ ಮರಳು!
ನನಗೆ ಅತಿ ಇಷ್ಟವಾದ ವಿಷಯ ಇದೇ.
ಗಿಳಿಮೀನು ಹವಳದ ಬಂಡೆ ಕೆರೆದು ತಿನ್ನುತ್ತೆ.
ಗಂಟಲಿನ ಹಲ್ಲಲ್ಲಿ ಪುಡಿಯಾದ ಹವಳ
ಮರಳಾಗಿ ಹೊರಗೆ ಬೀಳುತ್ತೆ.
ನೀವು ಬರಿಗಾಲಲ್ಲಿ ನಡೆಯೋ ಮರಳಲ್ಲಿ
ಬಹಳಷ್ಟು ಹೀಗೆ ಬಂದದ್ದು.
ಹಾಗಾಗಿ ನೀರಿಗಿಳಿದಾಗ
ದಯವಿಟ್ಟು ಹವಳದ ಮೇಲೆ ಕಾಲಿಡಬೇಡಿ.

ಖರ್ಚು ಕಮ್ಮಿ ಇರಬೇಕಾ?
ಮಾಫುಶಿಯಂಥ, ಊರಿನ ಜನ ಇರೋ ದ್ವೀಪಕ್ಕೆ ಹೋಗಿ.
ಅಲ್ಲಿ ಗೆಸ್ಟ್‌ಹೌಸ್ ಸಿಗುತ್ತೆ,
ರಾಜಧಾನಿ ಮಾಲೆಯಿಂದ ಫೆರಿ ಇದೆ.
ಊರೊಳಗೆ ಮೈ ತುಂಬ ಬಟ್ಟೆ ಇರಲಿ.
ಮದ್ಯ ಮಾರೋದಿಲ್ಲ.

ರೆಸಾರ್ಟೇ ಬೇಕು ಅನ್ನೋರು ಒಂದು ನೋಡ್ಕೊಳ್ಳಿ:
ದೂರದ ರೆಸಾರ್ಟಿಗೆ ಕರೆದೊಯ್ಯೋ ಸೀಪ್ಲೇನ್ ಹಾರೋದು ಹಗಲಲ್ಲಿ ಮಾತ್ರ.
ನಿಮ್ಮ ವಿಮಾನ ಮಾಲೆಗೆ
ಮಧ್ಯಾಹ್ನದೊಳಗೆ ಮುಟ್ಟೋ ಹಾಗೆ ಟಿಕೆಟ್ ತಗೊಳ್ಳಿ.