ಹಗುರ ಗಂಡು, ಭಾರದ ಹೆಣ್ಣು

1786ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಕಾಗದ ಬರೆದು, ಬಂಗಾಳದಿಂದ ತರಿಸುತ್ತಿದ್ದ ರೇಷ್ಮೆಹುಳುಗಳಿಗೆ ತಕ್ಕ ಜಾಗ ಮಾಡಿಡಲು ಹೇಳಿದ್ದ. ಇಂದು ಅದೇ ಸೀಮೆಯ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹುಳು ಸಾಕುವವರು ಗೂಡು ಬಿಡಿಸುವಾಗ ಒಂದನ್ನು ಗಮನಿಸಿರಬಹುದು. ಒಂದೇ ಚಾಕಿಯ (ಎಳೆಹುಳು ಸಾಕಣೆಯ) ಹುಳು, ಒಂದೇ ತೋಟದ ಸೊಪ್ಪು. ಆದರೂ ಹುಳು ಗೂಡು ಕಟ್ಟುವ ಚಂದ್ರಿಕೆಯಲ್ಲಿ ಕೆಲವು ಗೂಡು ಭಾರ, ಕೆಲವು ಹಗುರ. ರೋಗವೋ ಸೊಪ್ಪಿನ ಕೊರತೆಯೋ ಇದ್ದರೆ ಆ ಮಾತು ಬೇರೆ. ಬೆಳೆ ಚೆನ್ನಾಗಿ ಬಂದಾಗಲೂ ಉಳಿಯುವ ಅಂತರ ಗಂಡು ಹೆಣ್ಣಿನದು.

ರೇಷ್ಮೆ ಚಿಟ್ಟೆ ಏನನ್ನೂ ತಿನ್ನುವುದಿಲ್ಲ. ಹೆಣ್ಣು ಇಡುವ 400–500 ಮೊಟ್ಟೆಗಳ ಸತ್ವವೆಲ್ಲ ಅದು ಹುಳುವಾಗಿದ್ದಾಗ ಮೇದ ಸೊಪ್ಪಿನಿಂದಲೇ ಬರಬೇಕು. ಮೈ ತುಂಬಿದಷ್ಟೂ ಮೊಟ್ಟೆ ಹೆಚ್ಚು. ಹಾಗಾಗಿ ಹೆಣ್ಣಿಗೆ ಇನ್ನಷ್ಟು ಹೊತ್ತು ಮೇಯುವುದು ಲಾಭ.

ಗಂಡಿನ ಪಾಡೇ ಬೇರೆ. ಹೆಣ್ಣು ಗೂಡಿನಿಂದ ಹೊರಬಂದ ಸ್ವಲ್ಪ ಹೊತ್ತಿಗೇ ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಆ ಹೊತ್ತಿಗೆ ಹೊರಗೆ ಸಿದ್ಧವಾಗಿರುವ ಗಂಡಿಗೆ ಸಂತಾನ. ಇನ್ನೂ ಗೂಡಿನೊಳಗೇ ಇರುವುದು ಎಷ್ಟೇ ದಪ್ಪವಿದ್ದರೂ ತಡವಾಯಿತು. ಬೇಗ ಬಲಿಯಬೇಕೆಂದರೆ ಬೆಳೆಯುವ ಕಾಲ ಮೊಟಕಾಗುತ್ತದೆ, ಮೈ ಚಿಕ್ಕದಾಗುತ್ತದೆ. ಹಲವು ಕೀಟಗಳಲ್ಲಿ ಗಂಡು ಚಿಕ್ಕದಾಗಿ, ಮುಂಚೆಯೇ ಹೊರಬರುವುದನ್ನು ಡಾರ್ವಿನ್ 1871ರಲ್ಲೇ ಲೈಂಗಿಕ ಆಯ್ಕೆಯ ಚರ್ಚೆಯಲ್ಲಿ ಎತ್ತಿಕೊಂಡಿದ್ದ. ದೊಡ್ಡ ಮೈಯೇ ಗೆಲ್ಲುತ್ತದೆ ಎಂಬ ನಮ್ಮ ಎಣಿಕೆ ಇಲ್ಲಿ ನಡೆಯುವುದಿಲ್ಲ. ಕೊಂಬು ಹೊತ್ತು ಕಾದಾಡುವ ದುಂಬಿಗಳಲ್ಲಿ ದೊಡ್ಡ ಗಂಡಿಗೆ ಮೇಲುಗೈ. ಮೊದಲು ಮುಟ್ಟಿದವನಿಗೆ ಹೆಣ್ಣು ಎನ್ನುವಲ್ಲಿ ಸಮಯವೇ ಬಲ.

ಹೆಣ್ಣು ಬಿಡುವ ಆ ವಾಸನೆಯ ವಸ್ತುವನ್ನು ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ 1959ರಲ್ಲಿ ಗುರುತಿಸಿದರು. ಅದಕ್ಕಾಗಿ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳು ಬೇಕಾದವು. ಬಾಂಬಿಕಾಲ್ ಎಂದು ಹೆಸರಾದ ಅದು ಗುರುತಾದ ಮೊದಲ ಫೆರೊಮೋನ್, ಅಂದರೆ ಸಂಕೇತ ಸಾರುವ ವಸ್ತು. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ರೇಷ್ಮೆ ಚಿಟ್ಟೆ ಹಾರುವುದನ್ನೇ ಮರೆತಿದೆ, ಜೋಡಿಯನ್ನು ನಾವೇ ಕೂಡಿಸುತ್ತೇವೆ. ಆದರೂ ಬಾಂಬಿಕಾಲ್ ಸೋಕಿದೊಡನೆ ಗಂಡು ರೆಕ್ಕೆ ಬಡಿಯುತ್ತ ಹುಡುಕಾಡುತ್ತದೆ, ಇಂದಿಗೂ ಹೆಣ್ಣಿಗಿಂತ ಮುಂಚೆಯೇ ಹೊರಬರುತ್ತದೆ. ಕಾಡಿನ ಪೂರ್ವಜರ ಆ ಅವಸರ ಅದರ ಮೈಯಲ್ಲಿ ಉಳಿದಿರುವುದು ನನಗೆ ಬೆರಗಿನ ವಿಷಯ.

ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯವರಿಗೆ ಮಾತ್ರ ಈ ಅವಸರ ದಿನನಿತ್ಯದ ಕೆಲಸ. ಮಿಶ್ರತಳಿ ಮೊಟ್ಟೆಗೆ ಒಂದು ತಳಿಯ ಹೆಣ್ಣು, ಇನ್ನೊಂದರ ಗಂಡು ಒಂದೇ ಹೊತ್ತಿಗೆ ಸಿಗಬೇಕು. ಮೊದಲು ಬಂದ ಗಂಡು ಚಿಟ್ಟೆಗಳನ್ನು ತಂಪಿನಲ್ಲಿಟ್ಟು ಹೆಣ್ಣಿಗಾಗಿ ಕಾಯಿಸುತ್ತಾರೆ. ಒಂದೇ ಗಂಡನ್ನು ಎರಡು ಸಲ ಕೂಡಿಸುವುದೂ ಉಂಟು.

ಹಗುರ ಗೂಡನ್ನೆಲ್ಲ ಕೀಳೆಂದು ಎಣಿಸಬೇಡಿ. ಹೆಣ್ಣು ಗೂಡಿನ ಹೆಚ್ಚಿನ ತೂಕ ಒಳಗಿನ ಕೋಶದ್ದು, ಅಂದರೆ ಮೊಟ್ಟೆಯದು. ಗೂಡಿನ ತೂಕದಲ್ಲಿ ರೇಷ್ಮೆಯ ಪಾಲು ಹೆಚ್ಚಿರುವುದು ಗಂಡಿನಲ್ಲೇ.